ಹದಿನೇಳನೇ ಸಾಲು

ಪೀಣ್ಯ ಎರಡನೇ ಹಂತ. ಕಬ್ಬಿಣದ ಪುಡಿ ಕುಡಿದು
ಮಣ್ಣೇ ಕರ್ರಗಾದ ಅಡ್ಡರಸ್ತೆಯಲ್ಲಿ ಸ್ಕೂಟರು ನಿಲ್ಲಿಸಿ
ಹೆಲ್ಮೆಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದೆ.
ಗೇರು ಕಡಿಯುವ ಯಂತ್ರ ಸುಮ್ಮನೆ ನಿಂತಿತ್ತು.
ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ,
ಹಳದಿಗಟ್ಟಿದ ಕಂಪ್ಯೂಟರು.

"ಬೆಳಿಗ್ಗೆಯಿಂದ ಡ್ರಾಯಿಂಗ್ ಬರ್ತಿಲ್ಲ ಮೇಡಂ" ಅಂದಳು
ಶಶಿರೇಖಾ. ಐಟಿಐ ಮಾಡಿದವಳು, ಅಂಗೈಗೆ ಕೂಲೆಂಟಿನ ವಾಸನೆ,
ಕಂಪ್ಯೂಟರಿಗಿಂತ ಒಂದು ವರ್ಷ ಚಿಕ್ಕವಳು.

ಬರುವುದಿಲ್ಲ, ಗೊತ್ತು.
ನಿನ್ನೆ ರಾತ್ರಿ ಹೆಡ್ಡಾಫೀಸಿನ ವಿಪಿಎನ್ನಿಗೆ
ಹೊಸ ಸರ್ವರು ಕೂರಿಸಿದವಳು ನಾನೇ.
ನೂರಾ ನಲವತ್ತು ಕಡೆಗೆ ಹೊಸ ಫೈಲು ಕಳಿಸಿ
ನೂರಾ ಮೂವತ್ತೊಂಬತ್ತು ಹಸಿರು ದೀಪ ಎಣಿಸಿ
ಅನ್ನವನ್ನೂ ಬಿಸಿ ಮಾಡದೆ ಉಂಡು ಮಲಗಿದ್ದೆ.

ಉಳಿದ ಒಂದು ಇದು.

ಲಾಗು ತೆರೆದೆ. ಸಿಟ್ಟಿಲ್ಲ, ಗೋಳಿಲ್ಲ, ಇಷ್ಟೇ:
ಹದಿನೇಳನೇ ಸಾಲು. ಗೊತ್ತಿಲ್ಲದ ಪದ. ನಿಲ್ಲಿಸಿದ್ದೇನೆ.

ಹದಿನೇಳನೇ ಸಾಲು
ಹಳೆಯ ಆವೃತ್ತಿಗಳಿಗೆಂದೇ, ಕನಿಕರದಿಂದ,
ನಾನು ಸೇರಿಸಿದ್ದು. ಅದು ಹೇಳುವುದು:
ಕೆಳಗಿನ ಮಾತು ನಿನಗೆ ತಿಳಿಯದಿದ್ದರೆ
ಚಿಂತೆಯಿಲ್ಲ, ದಾಟಿಕೊಂಡು ಮುಂದೆ ಹೋಗು.

ಆ ಸಾಲೇ ತಿಳಿಯಲಿಲ್ಲ ಅದಕ್ಕೆ.
ಅದು ಹುಟ್ಟಿದ ಕಾಲಕ್ಕೆ
ಈ ವಿನಾಯಿತಿ ಇನ್ನೂ ಹುಟ್ಟಿರಲಿಲ್ಲ.

ಶಶಿರೇಖಾಗೆ ಬಿಡಿಸಿ ಹೇಳಿದೆ. ಬಾಯಿಗೆ ಮೊಣಕೈ ಅಡ್ಡ ಹಿಡಿದು ನಕ್ಕಳು.
"ಓದಕ್ ಬರ್ದಿರೋರು ಇಲ್ಲಿ ಕೇಳಿ ಅಂತ
ಬೋರ್ಡ್ ಬರ್ದಂಗಾಯ್ತು."

ಹೊಸ ಆವೃತ್ತಿ ಹಾಕಬಾರದೇ ಎಂದು ನೀವು ಕೇಳಬಹುದು.
ಹೊಸದು ಈ ಹಳೆಯ ವಿಂಡೋಸಿನ ಮೇಲೆ ಕೂರುವುದಿಲ್ಲ.
ವಿಂಡೋಸು ಬದಲಾದರೆ ಯಂತ್ರದ ಕಾರ್ಡು ಬಾಯಿ ಬಿಡುವುದಿಲ್ಲ.
ಕಾರ್ಡು ಮಾಡಿದ ಕಂಪನಿ ಬಾಗಿಲು ಹಾಕಿ ಹತ್ತು ವರ್ಷ.
ಹೊಸ ಯಂತ್ರಕ್ಕೆ ಅರವತ್ತೆಂಟು ಲಕ್ಷ,
ಓನರು ಆ ಅಂಕಿ ಕೇಳಿದಾಗಲೆಲ್ಲ ಟೀ ತರಿಸುತ್ತಾರೆ.

ಹಳೆಯ ಫೈಲು ಹುಡುಕಿದೆ.
ಹ್ಯಾಶ್ ಗುರುತಿನ ಮುಂದಿನದನ್ನು ಯಂತ್ರ ಓದುವುದಿಲ್ಲ,
ಅದು ಮನುಷ್ಯರಿಗೆ ಬಿಟ್ಟ ಜಾಗ.
ಅಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಯಾರೋ ಪೌಲ್‌ರಾಜ್:
ಇದು ಮುಟ್ಟಬೇಡಿ. ಮುಟ್ಟಲೇಬೇಕಾದ್ರೆ ನಂಗೆ ಫೋನ್ ಮಾಡಿ.
ಕೆಳಗೆ ಒಂದು ಲ್ಯಾಂಡ್‌ಲೈನು ನಂಬರು.

ಮಾಡಿದೆ. ಯಾಕೋ.
ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು
ಮೂರು ಭಾಷೆಗಳಲ್ಲಿ ತಿಳಿಸಿದರು.

ಮುಟ್ಟಿದೆ.
ಹದಿನೇಳನೇ ಸಾಲು ತೆಗೆದೆ, ಅದರ ಕೆಳಗಿನ ಮೂರೂ ತೆಗೆದೆ.
ಈಗ ಯಾರೂ ನೆಚ್ಚದ ಹಳೆಯ ಗೂಢಲಿಪಿಯ ಹೆಸರು
ಮತ್ತೆ ಬರೆದೆ. ಅತ್ತ ಸರ್ವರಿನಲ್ಲಿ
ಇದೊಂದಕ್ಕೆ ಮಾತ್ರ ಒಂದು ಗಿಡ್ಡ ಬಾಗಿಲು,
ತಲೆ ತಗ್ಗಿಸಿ ಬಂದರೆ ಡ್ರಾಯಿಂಗಿನ ಕಪಾಟು,
ಅದರಾಚೆ ಗೋಡೆ.
ಬೀಗ ಸಡಿಲಿಸುವಾಗ ಕೈ ತುಸು ತಡೆಯಿತು.
ಮಾರ್ಚಿನ ಆಡಿಟ್ಟಿನವರು ಬೆರಳಿಡುವುದು ಇಲ್ಲೇ,
ಆಗ ಏನು ಹೇಳಲಿ? ಕನಿಕರ ಎಂದು ಹೇಳುವಂತಿಲ್ಲ,
ಅವರ ಹಾಳೆಯಲ್ಲಿ ಆ ಕಾಲಂ ಇಲ್ಲ.

ನಾಲ್ಕೂ ಕಾಲಿಗೆ ಹಸಿರು ದೀಪ.
ಡ್ರಾಯಿಂಗು ಮೇಲಿನಿಂದ ಕೆಳಕ್ಕೆ, ಸಾವಕಾಶ,
ಹಲ್ಲು ಹಲ್ಲಾಗಿ ಇಳಿಯಿತು.
ಅವಳು ಬಾಗಿಲು ಸರಿಸಿದಳು. ಕೂಲೆಂಟು ಹಾಲಿನಂತೆ ಹರಿದು
ಉಕ್ಕಿನ ಮೊದಲ ಸುರುಳಿ ಕಿತ್ತು ಬಂತು.

ಹೊರಡುವ ಮೊದಲು ಹ್ಯಾಶ್ ಹಾಕಿ,
ತಾರೀಕು, ನನ್ನ ಹೆಸರು, ಆಮೇಲೆ
ಪೌಲ್‌ರಾಜನ ಲಿಪಿಯಲ್ಲೇ ಬರೆದೆ:
ಮುಟ್ಟುವ ಮೊದಲು ಶಶಿರೇಖಾ ಅವರನ್ನು ಕೇಳಿ.

ಹೆಗಲ ಹಿಂದಿನಿಂದ ಬಗ್ಗಿ ನೋಡಿ
"ಕೊನೇ ಎಚ್ ಬೇಡ ಮೇಡಂ" ಅಂದಳು,
"ಮಾರ್ಕ್ಸ್ ಕಾರ್ಡಲ್ಲಿ ಎಚ್ ಇಲ್ಲ."

ಅಳಿಸಿದೆ.